ಪ್ಯಾಕೇಜೋ ಸೋರ್ಸ್ ಕೋಡೋ: ಲಿನಕ್ಸಿನಲ್ಲಿ ತಂತ್ರಾಂಶ ಹಾಕಿಕೊಳ್ಳುವ ಎರಡು ದಾರಿಗಳ ಹೋಲಿಕೆ

ಮೈಸೂರಿನ ಒಂದು ಗ್ರಂಥಾಲಯದವರು ಹಳೆಯ ಕನ್ನಡ ಮಾಸಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಅವನ್ನು ಪದ ಹಾಕಿ ಹುಡುಕಬಹುದಾದ ಪಠ್ಯವಾಗಿಸುವ ಕೆಲಸಕ್ಕೆ ಕೈಹಾಕಿದಾಗ ನನ್ನ ಮುಂದಿಟ್ಟ ಪ್ರಶ್ನೆಯಿಂದಲೇ ಈ ಹೋಲಿಕೆಯನ್ನು ಆರಂಭಿಸುತ್ತೇನೆ. ಅವರ ಕಂಪ್ಯೂಟರುಗಳಲ್ಲಿ ಇದ್ದದ್ದು ಉಬುಂಟು ಎಂಬ ಲಿನಕ್ಸಿನ 22.04ನೆಯ ಆವೃತ್ತಿ. ಅದರ ರೆಪೊಸಿಟರಿಯಲ್ಲಿ, ಅಂದರೆ ಅದಕ್ಕೆಂದು ಸಿದ್ಧಪಡಿಸಿಟ್ಟ ತಂತ್ರಾಂಶಗಳ ಉಗ್ರಾಣದಲ್ಲಿ, ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶದ 4.1.1ನೆಯ ಆವೃತ್ತಿ ಮಾತ್ರ ಸಿಗುತ್ತಿತ್ತು. ಅದೇ ತಂತ್ರಾಂಶದ 5.0 ಆವೃತ್ತಿಯಾದರೋ 2021ರ ನವೆಂಬರ್ ಕೊನೆಯಲ್ಲೇ ಹೊರಬಂದಿತ್ತು. ರೆಪೊಸಿಟರಿಯಲ್ಲಿರುವ ಪ್ಯಾಕೇಜನ್ನೇ ಹಾಕಿಕೊಳ್ಳಬೇಕೇ, ತಂತ್ರಾಂಶ ಬರೆದವರ ಸೋರ್ಸ್ ಕೋಡ್ ಇಳಿಸಿಕೊಂಡು, ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ಅದನ್ನು ತಾವೇ ಕಂಪೈಲ್ ಮಾಡಿಕೊಳ್ಳಬೇಕೇ ಎಂದು ಅವರು ಕೇಳಿದರು.

ಇದೇ ಪ್ರಶ್ನೆಯನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರು, ಶಾಲೆಗಳ ಲ್ಯಾಬ್ ಹೊಣೆ ಹೊತ್ತ ಮೇಷ್ಟ್ರುಗಳು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ. ಬಹಳ ಜನ ಇದನ್ನು ಜಾಣ್ಮೆಯ ಅಳತೆಗೋಲು ಎಂದು ತಿಳಿದಿದ್ದಾರೆ: ಪ್ಯಾಕೇಜ್ ಹಾಕಿಕೊಳ್ಳುವುದು ಕಲಿಯುವವರಿಗೆ, ಕಂಪೈಲ್ ಮಾಡುವುದು ಪಳಗಿದವರಿಗೆ ಎಂಬ ಭಾವನೆ ಅದು. ಈ ಭಾವನೆಯಿಂದ ಹೊರಟರೆ ಉತ್ತರ ತಪ್ಪಾಗುತ್ತದೆ ಎಂಬುದು ನನ್ನ ಅನುಭವ. ತಂತ್ರಾಂಶವನ್ನು ಹಾಕುವ ದಿನದ ಕೆಲಸ ಎರಡು ದಾರಿಗಳಲ್ಲೂ ಒಂದು ಮಧ್ಯಾಹ್ನದೊಳಗೆ ಮುಗಿಯುವಂಥದ್ದು. ಹಾಕಿದ ಮರುದಿನದಿಂದ ಅದನ್ನು ತೆಗೆಯುವ ದಿನದವರೆಗೆ ಅದರ ಯೋಗಕ್ಷೇಮ ಯಾರ ಪಾಲಿಗೆ ಬರುತ್ತದೆ ಎಂಬಲ್ಲಿ ನಿಜವಾದ ವ್ಯತ್ಯಾಸವಿದೆ. ಮುಂದಿನ ಎಲ್ಲ ಮಾತುಗಳೂ ಈ ಒಂದು ವಿಷಯದ ಸುತ್ತಲೇ ಇವೆ.

ಎರಡು ದಾರಿಗಳಲ್ಲಿ ನಡೆಯುವುದೇನು

ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಡಿಸ್ಟ್ರೋಗಳಲ್ಲಿ (ಲಿನಕ್ಸಿನ ಬೇರೆ ಬೇರೆ ಸಿದ್ಧ ರೂಪಗಳಲ್ಲಿ) ಪ್ಯಾಕೇಜ್ ಎಂದರೆ ಬೇರೊಬ್ಬರು ಮೊದಲೇ ಕಂಪೈಲ್ ಮಾಡಿಟ್ಟ ಕಡತಗಳ ಕಟ್ಟು ಮತ್ತು ಆ ಕಟ್ಟಿನ ಜೊತೆಗಿರುವ ಒಂದು ಪಟ್ಟಿ. ಯಾವ ಕಡತ ಎಲ್ಲಿಗೆ ಹೋಗಬೇಕು, ಈ ತಂತ್ರಾಂಶ ಓಡಲು ಬೇರೆ ಯಾವ ಲೈಬ್ರರಿಗಳ (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೋಡಿನ ಕಟ್ಟುಗಳ) ಯಾವ ಆವೃತ್ತಿಗಳು ಇರಬೇಕು, ಯಾವುದರ ಜೊತೆ ಇದು ಹೊಂದುವುದಿಲ್ಲ ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯ 13ನೆಯ ಆವೃತ್ತಿ 2025ರ ಆಗಸ್ಟಿನಲ್ಲಿ ಬಂದಾಗ ಅದರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಇಷ್ಟು ದೊಡ್ಡ ಸಂಸಾರ ಒಂದರ ಕಾಲನ್ನು ಒಂದು ತುಳಿಯದೆ ನಡೆಯುತ್ತಿರುವುದು ಈ ಪಟ್ಟಿಗಳ ಬಲದಿಂದ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನಿಂದ ಬಂದ ಯಾವುದೇ ಒಂದು ಕಡತವನ್ನು ತೋರಿಸಿ ‘ಇದು ಯಾವ ಪ್ಯಾಕೇಜಿನದು’ ಎಂದು, ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿ ಎಂಬ ಸಾಧನವನ್ನು ಕೇಳಿದರೆ ಅದು ಹೆಸರು ಹೇಳುತ್ತದೆ.

ಸೋರ್ಸ್ ಕೋಡಿನಿಂದ ಹಾಕಿಕೊಳ್ಳುವಾಗ ಆ ಪಟ್ಟಿಯನ್ನು ಮಾಡುವವರು ಯಾರೂ ಇರುವುದಿಲ್ಲ. ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ನಿಮ್ಮ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ತಡಕಾಡಿ ನೋಡುತ್ತದೆ, ‘ಮೇಕ್’ ಕಂಪೈಲ್ ಮಾಡಿಸುತ್ತದೆ, ‘ಮೇಕ್ ಇನ್‌ಸ್ಟಾಲ್’ ಸಿದ್ಧವಾದ ಕಡತಗಳನ್ನು ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್ ಎಂಬ ಫೋಲ್ಡರಿನ ಕೆಳಗೆ ಹಂಚಿ ಇಡುತ್ತದೆ. ಡಿಸ್ಟ್ರೋದ ಪ್ಯಾಕೇಜುಗಳು ಆ ಫೋಲ್ಡರಿಗೆ ಕೈಹಾಕುವುದಿಲ್ಲ. ಅದು ಕಂಪ್ಯೂಟರಿನ ಹೊಣೆ ಹೊತ್ತವರಿಗೆ ಬಿಟ್ಟ ಜಾಗ. ಅಲ್ಲಿಟ್ಟ ಕಡತದ ಬಗ್ಗೆ ಕೇಳಿದರೆ ಡಿಪಿಕೆಜಿಗೆ ಏನೂ ಗೊತ್ತಿರುವುದಿಲ್ಲ, ಆ ಕಡತಕ್ಕೆ ಯಾವ ಲೈಬ್ರರಿ ಬೇಕೆಂಬುದೂ ಗೊತ್ತಿರುವುದಿಲ್ಲ.

ಈ ಗೊತ್ತಿಲ್ಲದಿರುವಿಕೆಯ ಫಲ ತಕ್ಷಣ ಕಾಣುವುದಿಲ್ಲ. ಉಬುಂಟು 22.04ರಲ್ಲಿ ಯುನಿಕೋಡ್ ಕೆಲಸಗಳಿಗೆ ಬೇಕಾಗುವ ಐಸಿಯು ಲೈಬ್ರರಿಯ ಆವೃತ್ತಿ 70, 24.04ರಲ್ಲಿ 74. 22.04ರಲ್ಲಿ ನೀವೇ ಕಂಪೈಲ್ ಮಾಡಿದ ತಂತ್ರಾಂಶ 70ನ್ನು ಹುಡುಕುತ್ತದೆ. ಡಿಸ್ಟ್ರೋವನ್ನು 24.04ಕ್ಕೆ ಏರಿಸಿದ ಮೇಲೆ, ಹಳೆಯ 70 ಯಾವ ಪ್ಯಾಕೇಜಿಗೂ ಬೇಡವಾಯಿತು ಎಂದು ಲೆಕ್ಕ ಹಾಕಿ ‘ಆಟೋರಿಮೂವ್’ ಅದನ್ನು ತೆಗೆದುಹಾಕುತ್ತದೆ, ಏಕೆಂದರೆ ನಿಮ್ಮ ತಂತ್ರಾಂಶ ಅದರ ಲೆಕ್ಕಕ್ಕೇ ಬಂದಿಲ್ಲ. ಎರಡು ವರ್ಷ ಸುಮ್ಮನೆ ಕೆಲಸ ಮಾಡಿಕೊಂಡಿದ್ದ ತಂತ್ರಾಂಶ ಒಂದು ಬೆಳಿಗ್ಗೆ ಏಳುವುದೇ ಇಲ್ಲ. ಅಷ್ಟರಲ್ಲಿ ಅದನ್ನು ಹಾಕಿದವರು ಬೇರೆ ಊರಿಗೆ ಕೆಲಸಕ್ಕೆ ಹೋಗಿರುತ್ತಾರೆ.

ಬೇಕಾದದ್ದು ತಂತ್ರಾಂಶವೋ, ದತ್ತಾಂಶವೋ

ಗ್ರಂಥಾಲಯದವರ ಪ್ರಶ್ನೆಗೆ ಮರಳೋಣ. ಅವರಿಗೆ 5ನೆಯ ಆವೃತ್ತಿ ಏಕೆ ಬೇಕಿತ್ತು ಎಂದು ಕೇಳಿದಾಗ ಬಂದ ಉತ್ತರ, ‘ಒತ್ತಕ್ಷರಗಳು ತಪ್ಪು ಬರುತ್ತಿವೆ’ ಎಂಬುದು. ಹೊಸ ಆವೃತ್ತಿಯಲ್ಲಿ ಇದು ಸರಿಹೋಗಿರಬಹುದು ಎಂಬ ಊಹೆಯ ಮೇಲೆ ಅವರು ಕಂಪೈಲ್ ಮಾಡಲು ಹೊರಟಿದ್ದರು. ಆದರೆ ಟೆಸರಾಕ್ಟ್ ಕನ್ನಡದ ಅಕ್ಷರಗಳನ್ನು ಗುರುತಿಸುವುದು ‘ಕಾನ್’ ಎಂಬ ಹೆಸರಿನ ಪ್ರತ್ಯೇಕ ತರಬೇತಿ ಕಡತದ ಬಲದಿಂದ, ಮತ್ತು ಆ ಕಡತ ಒಂದಕ್ಕಿಂತ ಹೆಚ್ಚು ರೂಪಗಳಲ್ಲಿ ಸಿಗುತ್ತದೆ. ಉಬುಂಟುವಿನ ಪ್ಯಾಕೇಜ್ ಕೊಡುವುದು ‘ಫಾಸ್ಟ್’ ಎಂಬ ಹಗುರವಾದ, ವೇಗಕ್ಕಾಗಿ ಮಾಡಿದ ರೂಪವನ್ನು. ‘ಬೆಸ್ಟ್’ ಎಂಬ ಇನ್ನೊಂದು ರೂಪವಿದೆ. ಅದು ನಿಧಾನ, ಆದರೆ ನಿಖರತೆಯನ್ನು ಮುಂದಿಟ್ಟುಕೊಂಡು ಮಾಡಿದ್ದು. ಅದನ್ನು 4ನೆಯ ಆವೃತ್ತಿಯೂ ಓದಬಲ್ಲದು. ಹೀಗಾಗಿ ಒಂದೇ ಒಂದು ಕಡತವನ್ನು ಇಳಿಸಿ ಬೇರೆ ಫೋಲ್ಡರಿನಲ್ಲಿಟ್ಟು, ಟೆಸರಾಕ್ಟಿಗೆ ಆ ಫೋಲ್ಡರನ್ನು ತೋರಿಸಿ, ಹತ್ತು ಪುಟಗಳನ್ನು ಎರಡು ರೂಪಗಳಲ್ಲೂ ಓಡಿಸಿ ಪಕ್ಕಪಕ್ಕ ಇಟ್ಟು ನೋಡಿದೆವು. ಮುದ್ರಣ ಸ್ಪಷ್ಟವಾಗಿದ್ದ ಪುಟಗಳಲ್ಲಿ ಅವರು ದೂರಿದ್ದ ತಪ್ಪುಗಳಲ್ಲಿ ಬಹುಪಾಲು ಅಷ್ಟರಿಂದಲೇ ಕಡಿಮೆಯಾದವು. ಉಳಿದವಕ್ಕೆ ಕಾರಣ ಸ್ಕ್ಯಾನ್ ಓರೆಯಾಗಿದ್ದುದು ಮತ್ತು ಹಿಂಬದಿಯ ಮಸಿ ಈ ಬದಿಗೆ ಇಣುಕುತ್ತಿದ್ದುದು. ಅದನ್ನು ಯಾವ ಆವೃತ್ತಿಯೂ ತಾನಾಗಿ ಸರಿಪಡಿಸುವುದಿಲ್ಲ.

ಈ ಪ್ರಸಂಗವನ್ನು ವಿವರವಾಗಿ ಹೇಳಲು ಕಾರಣವಿದೆ. ಹೊಸ ಆವೃತ್ತಿ ಬೇಕು ಎನ್ನುವ ಹತ್ತು ಮಂದಿಯಲ್ಲಿ ಹಲವರಿಗೆ ಬೇಕಾಗಿರುವುದು ಒಂದು ಸೆಟ್ಟಿಂಗ್, ಒಂದು ದತ್ತಾಂಶದ ಕಡತ, ಒಂದು ಫಾಂಟ್ ಅಥವಾ ಒಂದು ಪ್ಲಗಿನ್. ಅವನ್ನು ಪ್ಯಾಕೇಜಾಗಿ ಹಾಕಿದ ತಂತ್ರಾಂಶಕ್ಕೂ ಸೇರಿಸಬಹುದು. ಆದ್ದರಿಂದ ಕಂಪೈಲರನ್ನು ಮುಟ್ಟುವ ಮೊದಲು, ಹೊಸ ಆವೃತ್ತಿಯ ಬದಲಾವಣೆಗಳ ಪಟ್ಟಿಯನ್ನು ತೆರೆದು, ನಿಮ್ಮ ತೊಂದರೆಯ ಹೆಸರು ಅದರಲ್ಲಿ ಇದೆಯೇ ಎಂದು ಹುಡುಕಿ. ಟೆಸರಾಕ್ಟ್ 5.0ರ ಪಟ್ಟಿಯಲ್ಲಿ ಎದ್ದು ಕಾಣುವುದು ವೇಗ: ಲೆಕ್ಕಗಳನ್ನು ಡಬಲ್ ಎಂಬ ಉದ್ದನೆಯ ಸಂಖ್ಯೆಗಳ ಬದಲು ಫ್ಲೋಟ್ ಎಂಬ ಚಿಕ್ಕ ಸಂಖ್ಯೆಗಳಲ್ಲಿ ಮಾಡುವುದರಿಂದ ಗುರುತಿಸುವಿಕೆಯೂ ತರಬೇತಿಯೂ ಬೇಗ ಆಗುತ್ತವೆ. ದಿನವಿಡೀ ಪುಟಗಳನ್ನು ಅರೆಯುವ ಒಂದು ಕಂಪ್ಯೂಟರಿಗೆ ಇದು ನಿಜವಾದ ಲಾಭ. ಹಾಗಾಗಿ ಅದೊಂದರಲ್ಲಿ ಮಾತ್ರ 5ನೆಯ ಆವೃತ್ತಿಯನ್ನು ಕಂಪೈಲ್ ಮಾಡಿಕೊಟ್ಟೆ. ಉಳಿದ ಕಂಪ್ಯೂಟರುಗಳು ಪ್ಯಾಕೇಜಿನ 4.1.1ರಲ್ಲೇ ಉಳಿದವು.

ಕಂಪೈಲ್ ಮುಗಿದ ಮೇಲೆ ಎದುರಾದ ಎರಡು ಅಡಚಣೆಗಳು ಈ ದಾರಿಯ ಗುಣವನ್ನೇ ತೋರಿಸುತ್ತವೆ. ಮೊದಲನೆಯದು, ತಂತ್ರಾಂಶವನ್ನು ಓಡಿಸಿದೊಡನೆ ಅದರದೇ ಲೈಬ್ರರಿ ಸಿಗುತ್ತಿಲ್ಲ ಎಂಬ ದೂರು. ‘ಎಲ್‌ಡಿಕಾನ್ಫಿಗ್’ ಆದೇಶ ಕೊಟ್ಟು ಲೈಬ್ರರಿಗಳ ಸೂಚಿಯನ್ನು ಹೊಸದಾಗಿ ಬರೆಸುವವರೆಗೆ ಆ ದೂರು ಹೋಗುವುದಿಲ್ಲ. ಎರಡನೆಯದು, ಕನ್ನಡದ ತರಬೇತಿ ಕಡತ ಇಲ್ಲ ಎಂಬ ದೂರು. ಕಡತವೇನೋ ಕಂಪ್ಯೂಟರಿನಲ್ಲೇ ಇತ್ತು, ಆದರೆ ಪ್ಯಾಕೇಜ್ ಅದನ್ನು ಇಟ್ಟದ್ದು /ಯುಎಸ್‌ಆರ್/ಶೇರ್ ಕೆಳಗಿನ ಟೆಸರಾಕ್ಟ್-ಓಸಿಆರ್ ಫೋಲ್ಡರಿನಲ್ಲಿ, ಕಂಪೈಲ್ ಮಾಡಿದ್ದು ಹುಡುಕುತ್ತಿದ್ದುದು /ಯುಎಸ್‌ಆರ್/ಲೋಕಲ್ ಕೆಳಗೆ. ಪ್ಯಾಕೇಜಿನ ದಾರಿಯಲ್ಲಿ ಈ ಎರಡನ್ನೂ ಯಾರೋ ನಿಮಗಿಂತ ಮೊದಲೇ ಎದುರಿಸಿ ಬಗೆಹರಿಸಿರುತ್ತಾರೆ, ನಿಮಗೆ ತಿಳಿಯುವುದೂ ಇಲ್ಲ.

ಭದ್ರತೆ: ಎರಡು ದಾರಿಯವರೂ ಹೇಳದೆ ಬಿಡುವ ಮಾತುಗಳು

ಸ್ಥಿರ ಡಿಸ್ಟ್ರೋಗಳ ಪ್ಯಾಕೇಜುಗಳು ‘ಹಳೆಯವು, ಆದ್ದರಿಂದ ಅಪಾಯಕಾರಿ’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಆವೃತ್ತಿಯ ಸಂಖ್ಯೆ ನೋಡಿ ಹೀಗೆ ತೀರ್ಮಾನಿಸುವುದು ಸರಿಯಲ್ಲ. 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಮೂಲ ಯೋಜನೆಯವರು 1.0.1ಜಿ ಎಂಬ ಹೊಸ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಡೆಬಿಯನ್ ತನ್ನ ಬಳಕೆದಾರರಿಗೆ ಜಿ ಆವೃತ್ತಿಯನ್ನು ಕೊಡಲಿಲ್ಲ, ತನ್ನಲ್ಲಿದ್ದ 1.0.1ಇ ಆವೃತ್ತಿಗೇ ಆ ಒಂದು ದೋಷದ ತಿದ್ದುಪಡಿಯನ್ನು ಹೊಲಿದು, ಪ್ಯಾಕೇಜಿನ ಹೆಸರಿನ ಕೊನೆಯಲ್ಲಿರುವ ಪರಿಷ್ಕರಣೆಯ ಸಂಖ್ಯೆಯನ್ನಷ್ಟೇ ಏರಿಸಿತು. ಮೇಲ್ನೋಟಕ್ಕೆ ‘1.0.1ಇ’ ಎಂದು ಕಾಣುತ್ತಿದ್ದುದರಿಂದ ತಮ್ಮ ಸರ್ವರ್ ಇನ್ನೂ ದೋಷಪೂರಿತ ಎಂದು ಗಾಬರಿಯಾದವರು ಆಗ ಇದ್ದರು. ತಿದ್ದುಪಡಿಯನ್ನು ಹೀಗೆ ಹಿಂದಿನ ಆವೃತ್ತಿಗೆ ಹೊಲಿಯುವುದೇ ಸ್ಥಿರ ಡಿಸ್ಟ್ರೋಗಳ ಕ್ರಮ, ಮತ್ತು ನನ್ನ ದೃಷ್ಟಿಯಲ್ಲಿ ಅವು ಮಾಡುವ ಅತಿ ದೊಡ್ಡ ಉಪಕಾರ: ದೋಷ ಹೋಗುತ್ತದೆ, ಆದರೆ ನಿಮ್ಮ ಕೆಲಸದ ಕ್ರಮ ಕದಲುವುದಿಲ್ಲ.

ನೀವೇ ಕಂಪೈಲ್ ಮಾಡಿದ ತಂತ್ರಾಂಶಕ್ಕೆ ಈ ಉಪಕಾರ ದೊರೆಯುವುದಿಲ್ಲ. ಅದರ ಯೋಜನೆಯವರು ದೋಷವನ್ನು ಪ್ರಕಟಿಸಿದ ದಿನ ನೀವು ಅದನ್ನು ಓದಿರಬೇಕು, ಹೊಸ ಕೋಡ್ ತರಬೇಕು, ಮತ್ತೆ ಕಂಪೈಲ್ ಮಾಡಬೇಕು. ಒಂದು ತಂತ್ರಾಂಶಕ್ಕೆ ಇದನ್ನು ಮಾಡಬಹುದು. ಹದಿನೈದಕ್ಕೆ, ಮೂವತ್ತು ಕಂಪ್ಯೂಟರುಗಳ ಲ್ಯಾಬಿನಲ್ಲಿ, ಪರೀಕ್ಷೆಯ ಕಾಲದಲ್ಲಿ ಮಾಡಲಾಗುವುದಿಲ್ಲ. ಹಾಗಾಗಿ ಇಂಟರ್ನೆಟ್ಟಿಗೆ ತೆರೆದುಕೊಂಡ ವೆಬ್ ಸರ್ವರ್, ಎಸ್‌ಎಸ್‌ಎಚ್ (ದೂರದಿಂದ ಕಂಪ್ಯೂಟರಿಗೆ ಲಾಗಿನ್ ಆಗಲು ಬಿಡುವ ಸೇವೆ), ಡೇಟಾಬೇಸ್ ಇಂಥವನ್ನು ಪ್ಯಾಕೇಜಿನಿಂದಲೇ ಹಾಕಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಆದರೆ ಪ್ಯಾಕೇಜುಗಳ ಪರವಾಗಿ ಮಾತಾಡುವವರೂ ಎರಡು ವಿಷಯಗಳನ್ನು ಹೇಳಬೇಕು. ಒಂದು, ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷಗಳ ಭದ್ರತಾ ತಿದ್ದುಪಡಿ ಎಂಬ ಭರವಸೆ ‘ಮೇನ್’ ಎಂಬ ವಿಭಾಗದ ಪ್ಯಾಕೇಜುಗಳಿಗೆ ಅನ್ವಯಿಸುವಂಥದ್ದು. ‘ಯೂನಿವರ್ಸ್’ ಎಂಬ ದೊಡ್ಡ ವಿಭಾಗದಲ್ಲಿರುವವು ಸಮುದಾಯದ ಪಾಲನೆಯವು. ಅವಕ್ಕೂ ಖಚಿತ ತಿದ್ದುಪಡಿ ಬೇಕಿದ್ದರೆ ಉಬುಂಟು ಪ್ರೋ ಜೋಡಿಸಿಕೊಳ್ಳಬೇಕು, ಅದು ವೈಯಕ್ತಿಕ ಬಳಕೆಗೆ ಐದು ಕಂಪ್ಯೂಟರುಗಳವರೆಗೆ ಉಚಿತವಾಗಿದೆ. ನಾವು ಮಾತಾಡುತ್ತಿರುವ ಟೆಸರಾಕ್ಟ್ ಇರುವುದು ಯೂನಿವರ್ಸಿನಲ್ಲೇ. ಎರಡು, ಪ್ಯಾಕೇಜ್ ಮಾಡುವವರೂ ತಪ್ಪು ಮಾಡುತ್ತಾರೆ. 2006ರಲ್ಲಿ ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿಗೆ ಮಾಡಿದ ಒಂದು ಸಣ್ಣ ಬದಲಾವಣೆಯಿಂದ ಯಾದೃಚ್ಛಿಕ ಸಂಖ್ಯೆಗಳ ಆಕರವೇ ಬತ್ತಿಹೋಗಿ, ಒಂದು ಬಗೆಯ ಮತ್ತು ಅಳತೆಯ ಗೂಢಲಿಪಿ ಕೀಲಿಗಳಲ್ಲಿ ಸಾಧ್ಯವಿರುವವು ಕೇವಲ 32 ಸಾವಿರ ಚಿಲ್ಲರೆಗೆ ಇಳಿದವು. 2008ರ ಮೇ ತಿಂಗಳಲ್ಲಿ ಅದು ಪತ್ತೆಯಾಗಿ ಪ್ರಕಟವಾಗುವವರೆಗೆ ಆ ಕೀಲಿಗಳು ಬಳಕೆಯಲ್ಲಿದ್ದವು. ಮೂಲ ಕೋಡನ್ನು ನೇರವಾಗಿ ಕಂಪೈಲ್ ಮಾಡಿಕೊಂಡವರನ್ನು ಈ ದೋಷ ಮುಟ್ಟಲಿಲ್ಲ.

ಇದನ್ನು ಕೇಳಿ ‘ಹಾಗಾದರೆ ಸೋರ್ಸ್ ಕೋಡೇ ಶುದ್ಧ’ ಎನ್ನುವವರಿಗೆ ನಮ್ಮ ಕಡೆಯ ಒಂದು ಮಾತು. ಮಂಡ್ಯದ ಸುತ್ತಮುತ್ತ ಬೆಲ್ಲ ಕೊಳ್ಳುವವರಲ್ಲಿ ಕೆಲವರು ಅಂಗಡಿಯ ತಿಳಿಬಣ್ಣದ ಅಚ್ಚುಗಳನ್ನು ನಂಬದೆ ನೇರವಾಗಿ ಆಲೆಮನೆಗೇ ಹೋಗುತ್ತಾರೆ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ ಎಂಬ ಆತಂಕ ಅವರದು, ಆತಂಕಕ್ಕೆ ಆಧಾರವೂ ಇದೆ. ಆದರೆ ಆಲೆಮನೆಯ ಅಂಗಳದಲ್ಲಿ ನಿಂತು ಒಂದು ಲೋಟ ಕಬ್ಬಿನ ಹಾಲು ಕುಡಿದು ಬಂದರೆ ಏನೂ ಖಾತ್ರಿಯಾಗುವುದಿಲ್ಲ; ಕೊಪ್ಪರಿಗೆಗೆ ಏನೇನು ಬೀಳುತ್ತದೆಂದು ಪಾಕ ಇಳಿಸುವ ತನಕ ನೋಡುತ್ತಿರಬೇಕು. ಸೋರ್ಸ್ ಕೋಡ್ ಇಳಿಸಿಕೊಂಡವರಲ್ಲಿ ಅದನ್ನು ಓದುವವರು ಎಷ್ಟು ಮಂದಿ?

2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಜೆಡ್ ಪ್ರಕರಣವನ್ನು ಈ ದೃಷ್ಟಿಯಿಂದ ಎರಡೂ ಕಡೆಯವರು ಓದಬೇಕು. ಆ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್ ಸರ್ವರಿಗೆ ಕನ್ನ ಕೊರೆಯುವ ಕೋಡನ್ನು ಯೋಜನೆಯೊಳಗಿನ ವ್ಯಕ್ತಿಯೇ ಅಡಗಿಸಿದ್ದರು. ಅದನ್ನು ಜಾಗೃತಗೊಳಿಸುವ ಸ್ಕ್ರಿಪ್ಟಿನ ಸಾಲುಗಳು ಯೋಜನೆಯವರು ಕೋಡ್ ಬರೆದಿಡುವ, ಎಲ್ಲರಿಗೂ ಕಾಣುವ ಗಿಟ್ ರೆಪೊಸಿಟರಿಯಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿಟ್ಟ ಟಾರ್ ಕಡತದಲ್ಲಿ ಮಾತ್ರ ಇದ್ದವು. ಅಂದರೆ ಗಿಟ್‌ನಲ್ಲಿ ಕೋಡ್ ಓದಿ, ಟಾರ್ ಕಡತ ಇಳಿಸಿ ಕಂಪೈಲ್ ಮಾಡಿದವರು ತಾವು ಓದಿದ್ದನ್ನೇ ಕಂಪೈಲ್ ಮಾಡಲಿಲ್ಲ. ಇನ್ನೊಂದು ಕಡೆ, ಆ ಸ್ಕ್ರಿಪ್ಟ್ ಡೆಬ್ (ಡೆಬಿಯನ್, ಉಬುಂಟುಗಳ) ಅಥವಾ ಆರ್‌ಪಿಎಂ (ಫೆಡೋರಾದಂಥವುಗಳ) ಪ್ಯಾಕೇಜ್ ತಯಾರಾಗುತ್ತಿದೆಯೇ ಎಂದು ನೋಡಿಕೊಂಡೇ ಕೆಲಸ ಮಾಡುತ್ತಿತ್ತು. ಅದರ ಗುರಿ ಪ್ಯಾಕೇಜುಗಳೇ. ಡೆಬಿಯನ್ನಿನ ಪರೀಕ್ಷಾ ಶಾಖೆಗಳನ್ನು ಅದು ಮುಟ್ಟಿತು, ಸ್ಥಿರ ಶಾಖೆಯನ್ನು ಮುಟ್ಟುವ ಮೊದಲೇ ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿ ಪತ್ತೆ ಮಾಡಿದರು. ಸ್ಥಿರ ಡಿಸ್ಟ್ರೋಗಳ ‘ಹಳೆಯತನ’ ಆ ತಿಂಗಳು ಎಷ್ಟೋ ಸರ್ವರುಗಳನ್ನು ಕಾಪಾಡಿತು.

ವೇಗದ ಆಸೆ

ನಮ್ಮ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿಕೊಂಡರೆ ತಂತ್ರಾಂಶ ಬಹಳ ವೇಗವಾಗುತ್ತದೆ ಎಂಬ ಆಸೆಯನ್ನು ಹೆಚ್ಚು ಹೊತ್ತು ಚರ್ಚಿಸಬೇಕಾಗಿಲ್ಲ. ಭಾರೀ ಲೆಕ್ಕ ಮಾಡುವ ಎಫ್‌ಎಫ್‌ಎಂಪೆಗ್ (ವಿಡಿಯೊ ಮತ್ತು ಧ್ವನಿಗೆ), ಓಪನ್‌ಬ್ಲಾಸ್ (ಗಣಿತಕ್ಕೆ), ಟೆಸರಾಕ್ಟ್ ಇಂಥವು ಓಡುವ ಹೊತ್ತಿನಲ್ಲಿ ಪ್ರೊಸೆಸರನ್ನು ಗುರುತಿಸಿ ತಕ್ಕ ಕೋಡನ್ನು ತಾವೇ ಆರಿಸಿಕೊಳ್ಳುತ್ತವೆ, ಪ್ಯಾಕೇಜಿನಿಂದ ಹಾಕಿದಾಗಲೂ. ಪಠ್ಯ ತಿದ್ದುವ ತಂತ್ರಾಂಶ, ಬ್ರೌಸರ್ ಮುಂತಾದವುಗಳಲ್ಲಿ ವ್ಯತ್ಯಾಸ ಕೈಗೆ ಹತ್ತುವಷ್ಟು ಇರುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ಆ ಕಂಪ್ಯೂಟರಿಗೆಂದೇ ಕಂಪೈಲ್ ಮಾಡಿದ್ದನ್ನು ಲ್ಯಾಬಿನ ಹಳೆಯ ಕಂಪ್ಯೂಟರಿಗೆ ನಕಲು ಮಾಡಿದರೆ ‘ಅಕ್ರಮ ಸೂಚನೆ’ ಎಂಬ ದೂರಿನೊಂದಿಗೆ ಅದು ಬಿದ್ದುಹೋಗುವುದುಂಟು. ಪ್ರತಿಯೊಂದನ್ನೂ ಕಂಪೈಲ್ ಮಾಡಿಸುವುದಕ್ಕೆ ಹೆಸರಾದ ಜೆಂಟೂ ಡಿಸ್ಟ್ರೋ ಕೂಡ 2023ರ ಡಿಸೆಂಬರ್ ಕೊನೆಯಲ್ಲಿ ಸಿದ್ಧ ಪ್ಯಾಕೇಜುಗಳನ್ನು ದೊಡ್ಡ ಪ್ರಮಾಣದಲ್ಲಿ ಒದಗಿಸುವುದಾಗಿ ಪ್ರಕಟಿಸಿತು.

ಕಂಪೈಲ್ ಮಾಡಲು ಬೇಕಾಗುವ ಸಾಮರ್ಥ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಶಾಲೆಯ ಕಂಪ್ಯೂಟರುಗಳಲ್ಲಿ 4 ಜಿಬಿ ಮೆಮೊರಿ ಇತ್ತು. ಸಿ ಪ್ಲಸ್ ಪ್ಲಸ್ ಭಾಷೆಯ ದೊಡ್ಡ ತಂತ್ರಾಂಶವನ್ನು ಅಲ್ಲಿ ನಾಲ್ಕು ಕೆಲಸ ಒಟ್ಟಿಗೆ ಬಿಟ್ಟು ಕಂಪೈಲ್ ಮಾಡಿದರೆ ಮೆಮೊರಿ ಸಾಲದೆ, ಲಿನಕ್ಸಿನ ತಿರುಳಾದ ಕರ್ನಲ್ಲು ಕಂಪೈಲರನ್ನೇ ಕೊಂದುಹಾಕುತ್ತದೆ; ಒಂದೊಂದಾಗಿ ಬಿಟ್ಟರೆ ಸಂಜೆಯಾಗುತ್ತದೆ, ಸಂಜೆ ಕರೆಂಟು ಹೋಗುತ್ತದೆ. ಮೇಕ್ ತಾನು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುತ್ತದೆ ಎಂಬುದು ನಿಜ, ಆದರೆ ಕರೆಂಟು ಹೋದ ಕ್ಷಣದಲ್ಲಿ ಅರ್ಧ ಬರೆದ ಕಡತವನ್ನೂ ಅದು ಮುಗಿದ ಕೆಲಸವೆಂದೇ ಎಣಿಸಬಹುದು. ಅಂಥ ಕಡೆ ‘ಮೇಕ್ ಕ್ಲೀನ್’ ಮಾಡಿ ಮೊದಲಿಂದ ಆರಂಭಿಸುವುದೇ ಸರಿ. ಆ ಶಾಲೆಗೆ ನಾನು ಪ್ಯಾಕೇಜ್ ಬಿಟ್ಟು ಬೇರೆ ದಾರಿಯನ್ನು ಸೂಚಿಸಲೇ ಇಲ್ಲ.

ಕಂಪೈಲ್ ಮಾಡುವುದೇ ಸರಿಯಾದ ಸಂದರ್ಭಗಳು

ಇಷ್ಟೆಲ್ಲ ಹೇಳಿದ ಮೇಲೂ ಸೋರ್ಸ್ ಕೋಡಿನ ದಾರಿಯನ್ನು ನಾನು ಗೌರವದಿಂದಲೇ ನೋಡುತ್ತೇನೆ, ಏಕೆಂದರೆ ಅದಿಲ್ಲದೆ ಆಗದ ಕೆಲಸಗಳಿವೆ. ಡಿಸ್ಟ್ರೋ ಪರವಾನಗಿಯ ಕಾರಣದಿಂದ ಬಿಟ್ಟಿರುವ ಭಾಗ ನಿಮಗೆ ಬೇಕಾಗಬಹುದು: ಎಫ್‌ಎಫ್‌ಎಂಪೆಗ್‌ಗೆ ಎಫ್‌ಡಿಕೆ ಎಎಸಿ ಎಂಬ ಧ್ವನಿ ಎನ್ಕೋಡರನ್ನು ಸೇರಿಸಿದರೆ ಆ ಜೋಡಣೆಯನ್ನು ಇತರರಿಗೆ ಹಂಚಲು ಪರವಾನಗಿ ಬಿಡುವುದಿಲ್ಲವಾದ್ದರಿಂದ, ಅದನ್ನು ಬಯಸುವವರು ತಮ್ಮ ಬಳಕೆಗೆ ತಾವೇ ಕಂಪೈಲ್ ಮಾಡಬೇಕು. ತಂತ್ರಾಂಶದಲ್ಲಿ ಒಂದು ದೋಷ ಕಂಡು, ಅದನ್ನು ತಿದ್ದಿ, ಮೂಲ ಯೋಜನೆಗೆ ಕಳಿಸಬೇಕೆನ್ನುವವರು ಕಂಪೈಲ್ ಮಾಡದೆ ಒಂದು ಹೆಜ್ಜೆಯೂ ಇಡಲಾಗದು. ಕನ್ನಡದ ಅಕ್ಷರ ಜೋಡಣೆ, ಕಾಗುಣಿತ ಪರೀಕ್ಷೆ, ಕೀಲಿಮಣೆ ವಿನ್ಯಾಸ ಇವುಗಳಲ್ಲಿ ಇನ್ನೂ ಉಳಿದಿರುವ ತೊಡಕುಗಳನ್ನು ಬೇರೆ ಭಾಷೆಯವರು ಬಂದು ತಿದ್ದುತ್ತಾರೆಂದು ಕಾಯುವಂತಿಲ್ಲ. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಈ ತಂತ್ರಾಂಶಗಳ ಕೋಡನ್ನು ತೆರೆದು ಕಂಪೈಲ್ ಮಾಡಿ ತಿದ್ದುವುದನ್ನು ಕಲಿಯಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಕಲಿಕೆಯೇ ಉದ್ದೇಶವಾದರೆ ಇಲ್ಲಿ ಹೇಳಿದ ಅಡಚಣೆಗಳೆಲ್ಲ ಪಾಠಗಳಾಗುತ್ತವೆ. ಆದರೆ ಆ ಪಾಠ ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಅಥವಾ ವರ್ಚುವಲ್ ಮಶೀನಿನಲ್ಲಿ ನಡೆಯಲಿ, ಹತ್ತು ಜನ ನೆಚ್ಚಿಕೊಂಡ ಕಂಪ್ಯೂಟರಿನಲ್ಲಿ ಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ನಾನೇ ಮಾಡಿದ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಲ್ಯಾಬಿನಲ್ಲಿ, ಇಂಟರ್ನೆಟ್ಟಿನಿಂದ ಕಡತಗಳನ್ನು ಇಳಿಸಲು ಬಳಸುವ ಕರ್ಲ್ ಲೈಬ್ರರಿಯ ಹೊಸ ಆವೃತ್ತಿ ಬೇಕೆಂದು ಕಂಪೈಲ್ ಮಾಡಿ /ಯುಎಸ್‌ಆರ್/ಲೋಕಲ್‌ಗೆ ಹಾಕಿದೆ. ಓಪನ್‌ಎಸ್‌ಎಸ್‌ಎಲ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ (ಅದನ್ನು ಸೇರಿಸಿ ಕಂಪೈಲ್ ಮಾಡಲು ಬೇಕಾದ ಕಡತಗಳು) ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಆ ಕಾಲದ ಕರ್ಲ್‌ನ ಕಾನ್ಫಿಗರ್ ಸ್ಕ್ರಿಪ್ಟ್ ಅದಕ್ಕಾಗಿ ನಿಲ್ಲುತ್ತಿರಲಿಲ್ಲ. ಎಚ್‌ಟಿಟಿಪಿಎಸ್ ಸೌಲಭ್ಯವನ್ನು ಬಿಟ್ಟು ಮುಂದೆ ಹೋಗಿ, ಕೊನೆಯ ಸಾರಾಂಶದಲ್ಲಿ ಒಂದು ಸಾಲು ಬರೆಯುತ್ತಿತ್ತು, ಅದನ್ನು ನಾನು ಓದಲಿಲ್ಲ. ಲೈಬ್ರರಿ ಹುಡುಕುವಾಗ /ಯುಎಸ್‌ಆರ್/ಲೋಕಲ್‌ಗೇ ಮೊದಲ ಮಣೆಯಾದ್ದರಿಂದ, ಡಿಸ್ಟ್ರೋದ ಸರಿಯಾದ ಲೈಬ್ರರಿಯನ್ನು ಬಿಟ್ಟು ನನ್ನ ಅರೆಬೆಂದ ಲೈಬ್ರರಿಯನ್ನು ಇತರ ತಂತ್ರಾಂಶಗಳೂ ಎತ್ತಿಕೊಂಡವು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಆರ್ ಭಾಷೆಯ ಪ್ಯಾಕೇಜುಗಳು ಇಳಿಯದೆ ಹೋದವು. ಕಾರಣ ನನ್ನ ಲೈಬ್ರರಿ ಎಂದು ತಿಳಿಯುವಷ್ಟರಲ್ಲಿ ಅವರ ಎರಡು ಪ್ರಾಯೋಗಿಕ ತರಗತಿಗಳು ಹಾಳಾಗಿದ್ದವು. ಆ ವಿದ್ಯಾರ್ಥಿಗಳಿಗೆ ಸೋರ್ಸ್ ಕೋಡಿನ ಗೊಡವೆಯೇ ಇರಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ನಡುವಿನ ದಾರಿಗಳು

ಆಯ್ಕೆ ಎರಡೇ ಎಂದು ತಿಳಿಯಬೇಕಾಗಿಲ್ಲ. ಡೆಬಿಯನ್ ಬಳಸುವವರು ಮೊದಲು ಬ್ಯಾಕ್‌ಪೋರ್ಟ್ಸ್ ವಿಭಾಗದಲ್ಲಿ ಹುಡುಕಬೇಕು. ಮುಂದಿನ ಆವೃತ್ತಿಯ ಕೆಲವು ಪ್ಯಾಕೇಜುಗಳನ್ನು ಈಗಿನ ಸ್ಥಿರ ಆವೃತ್ತಿಗೆ ಒಗ್ಗಿಸಿ ಅಲ್ಲಿ ಇಟ್ಟಿರುತ್ತಾರೆ. ಮೇಜಿನ ಮೇಲೆ ಬಳಸುವ ಚಿತ್ರ, ವಿಡಿಯೊ, ಕಚೇರಿ ತಂತ್ರಾಂಶಗಳ ಹೊಸ ಆವೃತ್ತಿ ಬೇಕಿದ್ದರೆ ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಸಾಕು. ಅವು ಬೇಕಾದ ಲೈಬ್ರರಿಗಳನ್ನು ತಮ್ಮೊಂದಿಗೇ ತರುವುದರಿಂದ ಡಿಸ್ಕಿನಲ್ಲಿ ಹೆಚ್ಚು ಜಾಗ ತಿನ್ನುತ್ತವೆ, ಆದರೆ ಡಿಸ್ಟ್ರೋದ ಲೈಬ್ರರಿಗಳ ಗೋಜಿಗೆ ಹೋಗುವುದಿಲ್ಲ. ಉಬುಂಟುವಿನ ಪಿಪಿಎಗಳನ್ನು, ಅಂದರೆ ಬಿಡಿ ವ್ಯಕ್ತಿಗಳು ಅಥವಾ ತಂಡಗಳು ನಡೆಸುವ ರೆಪೊಸಿಟರಿಗಳನ್ನು, ನಂಬುವ ಮೊದಲು ಅವನ್ನು ನಡೆಸುವವರು ಯಾರು, ಎಷ್ಟು ಕಾಲದಿಂದ ನಡೆಸುತ್ತಿದ್ದಾರೆ ಎಂದು ನೋಡಿಕೊಳ್ಳಿ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ಕನ್ನಡದಲ್ಲಿ ಕಡಿಮೆ ಚರ್ಚೆಯಾದದ್ದು, ಸೋರ್ಸ್ ಪ್ಯಾಕೇಜನ್ನು ಮರಳಿ ಕಟ್ಟುವ ದಾರಿ. ಡಿಸ್ಟ್ರೋದ ಹೊಸ ಆವೃತ್ತಿಯಲ್ಲಿರುವ ಪ್ಯಾಕೇಜಿನ ಸೋರ್ಸನ್ನು ಇಳಿಸಿ, ‘ಬಿಲ್ಡ್-ಡೆಪ್’ ಮೂಲಕ ಬೇಕಾದ ಅವಲಂಬನೆಗಳನ್ನು ಹಾಕಿಸಿ, ‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್’ ಓಡಿಸಿದರೆ ನಿಮ್ಮ ಈಗಿನ ಕಂಪ್ಯೂಟರಿಗೆ ಹೊಂದುವ ಡೆಬ್ ಕಡತ ಸಿದ್ಧವಾಗುತ್ತದೆ. ಅವಲಂಬನೆಗಳು ತೀರಾ ಹೊಸತಾಗಿದ್ದರೆ ಇದು ನಡೆಯುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ನಡೆಯುತ್ತದೆ. ಕಂಪೈಲ್ ಮಾಡಿದವರು ನೀವೇ, ಆದರೆ ಡಿಪಿಕೆಜಿಗೆ ಪ್ರತಿ ಕಡತದ ಲೆಕ್ಕವೂ ಗೊತ್ತು, ತೆಗೆಯುವುದೂ ಒಂದೇ ಆದೇಶ. ಆವೃತ್ತಿಯ ಸಂಖ್ಯೆಯ ಕೊನೆಗೆ ಅಲೆಗೆರೆಯನ್ನೂ ನಿಮ್ಮದೊಂದು ಗುರುತನ್ನೂ ಸೇರಿಸಿ: 5.3.4-1~ಗ್ರಂಥಾಲಯ1 ಎಂಬ ರೀತಿಯಲ್ಲಿ, ಗುರುತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಅಲೆಗೆರೆ ಇರುವ ಆವೃತ್ತಿಯನ್ನು ಡಿಪಿಕೆಜಿ ಅದಿಲ್ಲದ ಆವೃತ್ತಿಗಿಂತ ಕಿರಿಯದೆಂದು ಎಣಿಸುತ್ತದೆ, ಹಾಗಾಗಿ ನಾಳೆ ಡಿಸ್ಟ್ರೋ ಅದೇ ಆವೃತ್ತಿಯನ್ನು ಕೊಟ್ಟ ದಿನ ನಿಮ್ಮದು ತಾನಾಗಿ ಸರಿದು ಜಾಗ ಬಿಡುತ್ತದೆ.

ಕಂಪೈಲ್ ಮಾಡುವುದೆಂದು ನಿರ್ಧರಿಸಿದವರಿಗೆ

ತಂತ್ರಾಂಶವನ್ನು /ಯುಎಸ್‌ಆರ್ ಒಳಗೆ ನೇರವಾಗಿ ಎಂದಿಗೂ ಹಾಕಬೇಡಿ. ಅದು ಪ್ಯಾಕೇಜುಗಳ ಮನೆ. ಕಾನ್ಫಿಗರ್ ಮಾಡುವಾಗಲೇ ‘ಪ್ರಿಫಿಕ್ಸ್’ ಕೊಟ್ಟು ತಂತ್ರಾಂಶದ ಹೆಸರು ಮತ್ತು ಆವೃತ್ತಿ ಇರುವ ಪ್ರತ್ಯೇಕ ಫೋಲ್ಡರನ್ನು /ಆಪ್ಟ್ ಕೆಳಗೆ ಅಥವಾ /ಯುಎಸ್‌ಆರ್/ಲೋಕಲ್/ಸ್ಟೋ ಕೆಳಗೆ ಗೊತ್ತುಮಾಡಿ. ಗ್ನೂ ಸ್ಟೋ ಎಂಬ ಸಣ್ಣ ಸಾಧನ ಎರಡನೆಯ ಜಾಗದಿಂದ /ಯುಎಸ್‌ಆರ್/ಲೋಕಲ್‌ಗೆ ಕೊಂಡಿಗಳನ್ನು ಹಾಕಿಕೊಡುತ್ತದೆ, ಬೇಡವಾದಾಗ ಬಿಡಿಸಿಯೂ ಕೊಡುತ್ತದೆ. ‘ಮೇಕ್ ಅನ್‌ಇನ್‌ಸ್ಟಾಲ್’ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಅದು ಎಲ್ಲ ತಂತ್ರಾಂಶಗಳಲ್ಲಿ ಇರುವುದಿಲ್ಲ, ಇದ್ದರೂ ಕಂಪೈಲ್ ಮಾಡಿದ ಫೋಲ್ಡರನ್ನು ನೀವು ಉಳಿಸಿಕೊಂಡಿದ್ದರೆ ಮಾತ್ರ ಉಪಯೋಗ.

ಕಾನ್ಫಿಗರ್ ಕೊನೆಯಲ್ಲಿ ಬರೆಯುವ ಸಾರಾಂಶವನ್ನು ಸಾಲು ಸಾಲಾಗಿ ಓದಿ. ಚಿತ್ರದ ಕಡತಗಳನ್ನು ಓದಲು ಟೆಸರಾಕ್ಟಿಗೆ ಬೇಕಾದ ಲೆಪ್ಟೋನಿಕಾ ಲೈಬ್ರರಿಯನ್ನೂ ನೀವೇ ಕಂಪೈಲ್ ಮಾಡುವುದಾದರೆ, ಟಿಫ್ ಲೈಬ್ರರಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲದಿದ್ದರೂ ಕಂಪೈಲ್ ಸುಸೂತ್ರವಾಗಿ ಮುಗಿಯುತ್ತದೆ. ಸ್ಕ್ಯಾನರ್ ಕೊಟ್ಟ ಟಿಫ್ ಪುಟ ಮಾತ್ರ ತೆರೆಯುವುದಿಲ್ಲ. ಗ್ರಂಥಾಲಯದಲ್ಲಿ ಹೀಗಾಗದಿರಲೆಂದು ಲೆಪ್ಟೋನಿಕಾವನ್ನು ಪ್ಯಾಕೇಜಿನಿಂದಲೇ ತೆಗೆದುಕೊಂಡು ಟೆಸರಾಕ್ಟ್ ಒಂದನ್ನೇ ಕಂಪೈಲ್ ಮಾಡಿದೆ. ಎಷ್ಟು ಕಡಿಮೆ ಕಂಪೈಲ್ ಮಾಡಿದರೆ ಸಾಕೋ ಅಷ್ಟನ್ನೇ ಮಾಡುವುದು ನನ್ನ ಕ್ರಮ.

ಇಳಿಸಿದ ಕಡತ ಮೂಲದಂತೆಯೇ ಇದೆಯೇ ಎಂದು ತಿಳಿಯಲು ಅದರ ಸಹಿಯನ್ನು ಅಥವಾ ಚೆಕ್‌ಸಮ್ಮನ್ನು ತಾಳೆ ನೋಡಿ. ಪ್ಯಾಕೇಜುಗಳ ವಿಷಯದಲ್ಲಿ, ಅವನ್ನು ಇಳಿಸಿ ಹಾಕುವ ಎಪಿಟಿ ಸಾಧನ ಇದನ್ನು ಪ್ರತಿ ಬಾರಿ ತಾನೇ ಮಾಡುತ್ತದೆ, ಇಲ್ಲಿ ನೀವು ಮಾಡಬೇಕು. ಆ ಯೋಜನೆಯ ಪ್ರಕಟಣೆಗಳಿಗೆ ಚಂದಾದಾರರಾಗಿ. ಯಾವ ಆವೃತ್ತಿ, ಯಾವ ದಿನ, ಯಾವ ಆಯ್ಕೆಗಳೊಂದಿಗೆ, ಏಕೆ ಕಂಪೈಲ್ ಮಾಡಿದಿರಿ, ಯಾವಾಗ ತೆಗೆಯಬಹುದು ಎಂಬುದನ್ನು ಒಂದು ಕಡತದಲ್ಲಿ ಬರೆದು ಅದೇ ಫೋಲ್ಡರಿನಲ್ಲಿಡಿ, ಮತ್ತು ಒಂದು ಪ್ರತಿಯನ್ನು ಕಾಗದದಲ್ಲಿ ಕಂಪ್ಯೂಟರಿನ ಮೇಲೆ ಅಂಟಿಸಿ. ಗ್ರಂಥಾಲಯದ ಆ ಕಂಪ್ಯೂಟರಿನ ಮೇಲೆ ಅಂಥ ಒಂದು ಚೀಟಿ ಅಂಟಿಸಿದ್ದೆ. ‘24.04ಕ್ಕೆ ಏರಿಸಿದ ದಿನ ಇದನ್ನು ತೆಗೆಯಬೇಕು’ ಎಂಬುದು ಅದರ ಕೊನೆಯ ಸಾಲು.

ಆ ಸಾಲು ಬೇಕಾಗಿತ್ತು, ಏಕೆಂದರೆ ಉಬುಂಟು 24.04ರ ರೆಪೊಸಿಟರಿಯಲ್ಲಿ ಟೆಸರಾಕ್ಟ್ 5.3.4 ಇದೆ. ಆದರೆ ಆದೇಶಗಳನ್ನು ಹುಡುಕುವಾಗ ಶೆಲ್ ಮೊದಲು /ಯುಎಸ್‌ಆರ್/ಲೋಕಲ್/ಬಿನ್ ನೋಡುತ್ತದೆ. ಹಳೆಯದನ್ನು ತೆಗೆಯದೆ ಹೊಸ ಪ್ಯಾಕೇಜ್ ಹಾಕಿದರೆ, ಪ್ಯಾಕೇಜ್ ತನ್ನ ಪಾಡಿಗೆ ಕೂತಿರುತ್ತದೆ, ಓಡುವುದು ಹಳೆಯದೇ. ಗ್ರಂಥಾಲಯದವರು ಡಿಸ್ಟ್ರೋ ಏರಿಸಿದ ದಿನ ಚೀಟಿ ನೋಡಿ ಫೋನ್ ಮಾಡಿದರು. ಸ್ಟೋಗೆ ಹೇಳಿ ಕೊಂಡಿಗಳನ್ನು ಬಿಡಿಸಿ, ಫೋಲ್ಡರನ್ನು ಅಳಿಸಿ, ಎಲ್‌ಡಿಕಾನ್ಫಿಗ್ ಓಡಿಸಿ, ಹೊಸ ಟರ್ಮಿನಲ್ ತೆರೆದು ‘ವಿಚ್ ಟೆಸರಾಕ್ಟ್’ ಎಂದು ಕೇಳಿ ಎಂದೆ. /ಯುಎಸ್‌ಆರ್/ಬಿನ್ ಎಂದು ಉತ್ತರ ಬಂದ ಮೇಲೆ ಅವರು ಆ ಚೀಟಿಯನ್ನು ಕಿತ್ತು, ಉಳಿದ ಕಂಪ್ಯೂಟರುಗಳಂತೆಯೇ ಅದನ್ನೂ ಸ್ವಯಂಚಾಲಿತ ತಿದ್ದುಪಡಿಗಳ ಪಟ್ಟಿಗೆ ಸೇರಿಸಿಕೊಂಡರು.